ದೊಡ್ಡ ಪೆಟ್ಟಿಗೆಯಿಂದ ಕಾಲಡಿಯ ಡಬ್ಬಿಗೆ: ಬೇಸ್ ಗಿಟಾರಿನ ಕಥಿ

1/9

ಮೊದಲ ಫೋಟೋ ನೋಡ್ರಿ. ಲಿಂಗಸುಗೂರು ತಾಲ್ಲೂಕಿನ ಒಂದು ಊರ ಜಾತ್ರಿ, ರಾತ್ರಿ ರಸಮಂಜರಿ. ಮುಂದ ಹಾಡೋರು ಇಬ್ಬರು, ಪಕ್ಕಕ್ಕ ಕೀಬೋರ್ಡು, ಹಿಂದ ರಿದಮ್ ಪ್ಯಾಡು. ಎಡಗಡೆ ಮೂಲ್ಯಾಗ ಕತ್ತಲದಾಗ ಒಬ್ಬ ಹುಡುಗ ನಿಂತಾನ. ಕೊರಳಾಗ ನಾಲ್ಕು ತಂತಿಯ ಗಿಟಾರು.

ಈಗ ಅವನ ಬೆನ್ನ ಹಿಂದ ನೋಡ್ರಿ. ಆಂಪ್ಲಿಫೈಯರ್ ಇಲ್ಲ, ಸ್ಪೀಕರ್ ಇಲ್ಲ. ಕಾಲ ಹತ್ರ ಒಂದು ಡಬ್ಬಿ ಐತಿ, ಹೊಲಕ್ಕ ಒಯ್ಯೋ ಬುತ್ತಿ ಡಬ್ಬಿಯಷ್ಟು. ಅದರ ಮ್ಯಾಲೆ ಮೂರು ಗುಂಡಿ, ಒಂದು ಸಣ್ಣ ಪರದೆ.

"ಇವನ ಸೌಂಡ್ ಎಲ್ಲಿಂದ ಬರ್ತದ್ರೀ?" ಅಂತ ನನ್ನ ಪಕ್ಕ ಕುಂತಿದ್ದ ಹಿರಿಯರು ಕೇಳಿದ್ರು. ನಾನು ಅಲ್ಲಿ ಎರಡು ಮಾತಿನಾಗ ಹೇಳಿದೆ. ಅವರಿಗೆ ಸಮಾಧಾನ ಆಗ್ಲಿಲ್ಲ, ನನಗೂ ಆಗ್ಲಿಲ್ಲ. ಈ ಸರಣಿ ಆ ಪ್ರಶ್ನೆಗೆ ಪೂರಾ ಉತ್ತರ. ಸ್ವೈಪ್ ಮಾಡ್ಕೋತ ಬರ್ರಿ.

2/9

ಮೊದಲು ಒಂದು ಮಾತು. ಕೆಳಗಿನ ಸ್ವರ ನಮ್ಮ ಭಾಗಕ್ಕೆ ಹೊಸದಲ್ಲ.

ಇದು ದಾಸರ ಸೀಮೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನವಿಯವರು. ಅವರ ಶಿಷ್ಯರು ಪ್ರಾಣೇಶದಾಸರು ನಮ್ಮ ಕಸಬಾ ಲಿಂಗಸುಗೂರಿನವರು. ದಾಸರ ಹೆಗಲ ಮೇಲಿದ್ದದ್ದು ತಂಬೂರಿ. ತತ್ವಪದ ಹಾಡುವವರ ಕೈಯಲ್ಲಿದ್ದದ್ದು ಏಕತಾರಿ. ಆ ತಂತಿ ಹಾಡನ್ನು ಹಾಡುವುದಿಲ್ಲ, ಹಾಡಿಗೆ ನೆಲ ಹಾಕಿಕೊಡುತ್ತದೆ. ಅದು ನಿಂತರೆ ಹಾಡುವವರಿಗೆ ಕಾಲಡಿಯ ನೆಲ ಸರಿದಂತೆ ಆಗುತ್ತದೆ.

ಮುದಗಲ್ ಮೊಹರಮ್ಮಿಗೆ ಹೋದವರಿಗೆ ಇನ್ನೊಂದು ಗೊತ್ತು: ಹಲಗಿ ಸದ್ದು ಕಿವಿಗಿಂತ ಮೊದಲು ಎದಿಗೆ ಬಡಿತೈತಿ.

ಬೇಸ್ ಗಿಟಾರು ಈ ಎರಡೂ ಕೆಲಸ ಒಟ್ಟಿಗೆ ಮಾಡುವ ವಾದ್ಯ. ಸ್ವರದ ನೆಲವೂ ಅದೇ, ತಾಳದ ಪೆಟ್ಟೂ ಅದೇ. ಆದ್ರ ಸಂತಿಯಾಗ ನಿಂತು ಕೇಳೋರಿಗೆ ಅದು ಬೇರೆಯಾಗಿ ಕೇಳಂಗಿಲ್ಲ. ಇಲ್ಲದಾಗ ಮಾತ್ರ "ಏನೋ ಕಡಿಮಿ ಆತು" ಅನಸ್ತದ.

3/9

ಈಗ ಸ್ವಲ್ಪ ಲೆಕ್ಕ. ಹೆದರಬ್ಯಾಡ್ರಿ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಭಾಗಿಸಿ ನೋಡಿ: ಆ ಸ್ವರದ ಒಂದು ಅಲೆಯ ಉದ್ದ 8 ಮೀಟರಿಗಿಂತ ಹೆಚ್ಚು. ಎರಡು ಎತ್ತಿನ ಬಂಡಿ ಹಿಂದ ಮುಂದ ನಿಲ್ಲಿಸಿದಷ್ಟು ಅಂತ ತಿಳ್ಕೊಳ್ರಿ. ಅಷ್ಟು ಉದ್ದದ ಅಲೆ ಎಬ್ಬಿಸಬೇಕಾದರೆ ತುಂಬ ಗಾಳಿ ದೂಡಬೇಕು. ಅದಕ್ಕೆ ದೊಡ್ಡ ಸ್ಪೀಕರ್ ಬೇಕು, ಭಾರವಾದ ಪೆಟ್ಟಿಗೆ ಬೇಕು.

ನಮ್ಮೂರ ಗುಡಿ ಮೇಲೆ, ಬೇವಿನ ಗಿಡದಾಗ ಕಟ್ಟತಿದ್ದದ್ದು ಏನು? ಹಾರ್ನು. ಅದು ಮಾಡಿದ್ದೇ ಮಾತು ದೂರಕ್ಕೆ ಮುಟ್ಟಿಸಲು. ಯಾವ ಕಂಪನಿಯದಾದರೂ ಅಷ್ಟೇ, ಅಷ್ಟು ಚಿಕ್ಕ ಬಾಯಿಂದ 41 ಹರ್ಟ್ಜ್ ಹೊರಗೆ ಬರುವುದಿಲ್ಲ.

ಹಂಗಾದ್ರ ಹಾರ್ನಿನಾಗ ಬೇಸ್ ಕೇಳಂಗೇ ಇಲ್ಲೇನು? ಇಲ್ಲೊಂದು ಚಮತ್ಕಾರ ಐತಿ. ತಂತಿ ಮಿಡಿದಾಗ 41ರ ಜೊತೆ 82, 123, 164 ಹೀಗೆ ಮೇಲಿನ ಸ್ವರಾಂಶಗಳೂ ಹುಟ್ಟುತ್ತವೆ. ಕೆಳಗಿನದು ಕಾಣೆಯಾದರೂ ಮೇಲಿನವು ಮುಟ್ಟಿದರೆ ಸಾಕು, ನಮ್ಮ ಮಿದುಳು ಕಾಣೆಯಾದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಈ ಮಾತು ನೆನಪಿಟ್ಟುಕೊಳ್ರಿ, ಮುಂದ ಬೇಕಾಗ್ತದ.

4/9

1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ತನ್ನ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಿಟ್ಟ. ಅದಕ್ಕೂ ಮೊದಲು ಇದ್ದದ್ದು ಆಳೆತ್ತರದ ನಿಲ್ಲಿಸಿ ನುಡಿಸುವ ಬೇಸ್. ಅದರಲ್ಲಿ ಮೆಟ್ಟಿಲು ಇಲ್ಲ, ಸ್ವರ ಹಿಡಿಯುವುದು ಬೆರಳಿನ ಅಂದಾಜು. ಫೆಂಡರ್ ಮೆಟ್ಟಿಲು ಹಾಕಿದ, ಸ್ವರ ನಿಖರವಾಯಿತು. ಹೆಸರಿನ ಗುಟ್ಟು ಅದೇ.

ವಾದ್ಯ ಹಗುರಾಯಿತು, ಆದರೆ ಅದರ ಸದ್ದು ಹೊರುವ ಪೆಟ್ಟಿಗೆ ಭಾರವಾಗುತ್ತ ಹೋಯಿತು. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಅನ್ನುವ ಆಂಪ್ ತಂದಿತು. 300 ವಾಟ್, ಒಳಗೆ 14 ವ್ಯಾಲ್ವು, ಜೊತೆಗೆ 10 ಇಂಚಿನ ಎಂಟು ಸ್ಪೀಕರಿನ ಪೆಟ್ಟಿಗೆ. ಇವತ್ತಿಗೂ "ರಾಕ್ ಬೇಸ್ ಸೌಂಡ್" ಅಂದರೆ ಬಹಳ ಜನರ ಕಿವಿಯಲ್ಲಿ ಇರೋದು ಅದೇ.

ಅದನ್ನ ಲಿಂಗಸುಗೂರು ಬಸ್‌ಸ್ಟ್ಯಾಂಡಿನಾಗ ಬಸ್ಸಿನ ಮ್ಯಾಲೆ ಹೇರೋದನ್ನ ಒಮ್ಮೆ ಕಲ್ಪನಾ ಮಾಡ್ಕೊಳ್ರಿ.

5/9

ನಾವು ಬೇಸ್ ಗಿಟಾರನ್ನ ಕೇಳಿದ್ದು ವೇದಿಕೆಯಲ್ಲಿ ಅಲ್ಲ, ರೇಡಿಯೋದಲ್ಲಿ, ಟೆಂಟಿನ ಪರದೆ ಹಿಂದೆ. ಶಂಕರ್‌ನಾಗ್ ನಿರ್ದೇಶನದ 'ಗೀತಾ' ಬಂದದ್ದು 1981ರಲ್ಲಿ. ಮಣಿರತ್ನಂ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' 1983ರಲ್ಲಿ, ಅದೂ ಕನ್ನಡದಲ್ಲಿ. ಎರಡಕ್ಕೂ ಸಂಗೀತ ಇಳಯರಾಜ. ಆ ಹಾಡುಗಳನ್ನ ಇವತ್ತು ಒಳ್ಳೆ ಹೆಡ್‌ಫೋನಿನಲ್ಲಿ ಕೇಳಿ. ದನಿಯ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುತ್ತದೆ. ಅದು ಬೇಸ್. 1987ರಲ್ಲಿ ಹಂಸಲೇಖರ 'ಪ್ರೇಮಲೋಕ' ಬಂದಾಗ ಊರೂರ ಆರ್ಕೆಸ್ಟ್ರಾಗಳ ಪಟ್ಟಿಯೇ ಬದಲಾಯಿತು.

ಆದರೆ ಆ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುವವರು ಎಷ್ಟು ಮಂದಿ ಇದ್ದರು? ಕಂಪನಿ ನಾಟಕದ ಕಾಲ್ಪೇಟಿ ಇದ್ದ ಜಾಗಕ್ಕೆ ಕೀಬೋರ್ಡ್ ಬಂದಿತ್ತು. ಬೇಸ್ ಕೆಲಸ ಕೀಬೋರ್ಡಿನವರ ಎಡಗೈಗೆ ಹೋಯಿತು. ಹೊರದೇಶದ ವಾದ್ಯ, ಆಂಪು ತರಿಸಲು 1991ರ ಮೊದಲು ಪರವಾನಗಿ, ಸುಂಕ ಎಲ್ಲಾ ಅಡ್ಡ ಇದ್ದವು. ಕೊಲ್ಕತ್ತಾದಲ್ಲಿ ತಯಾರಾದ ಗಿವ್ಸನ್ ಗಿಟಾರು ಸಿಕ್ಕರೇ ಪುಣ್ಯ.

ಇದರ ಹಿಂದ ದುಡ್ಡಿನ ಲೆಕ್ಕಾನೂ ಇತ್ತು. ಗಾಡ್ಯಾಗ ಒಂದು ಸೀಟು ಉಳೀತು, ಒಂದು ಪಗಾರ ಉಳೀತು. "ಎಡಗೈ ಐತಲ್ಲ, ಬೇಸಿನವ ಯಾಕ ಬೇಕು?" ಈ ಮಾತು ನಾನೇ ಕಿವಿಯಾರೆ ಕೇಳೀನಿ. ಕೆಳಗಿನ ಸ್ವರ ಉಳೀತು, ನುಡಿಸೋ ಮನುಷ್ಯ ಹೋದ.

6/9

ಪೆಟ್ಟಿಗೆ ಇಲ್ಲದೆ ಬೇಸ್ ನುಡಿಸಬಹುದು ಅನ್ನುವುದು ಹಳೇ ಮಾತು. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಗಿಟಾರನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿಯೇ ನುಡಿಸಿದ. ಇದಕ್ಕೆ ಡಿಐ ಅಂತಾರ. ಸ್ಟುಡಿಯೋದಲ್ಲಿ ಅದು ಚೆಂದ. ಜೋರು ಡ್ರಮ್ ಇರುವ ವೇದಿಕೆಯಲ್ಲಿ ಮಾತ್ರ ಒಣಒಣ ಅನಿಸುತ್ತದೆ. ವ್ಯಾಲ್ವಿನ ಬಿಸಿ ಇಲ್ಲ, ಪೆಟ್ಟಿಗೆಯ ಗುಂಗು ಇಲ್ಲ.

ಆ ಬಿಸಿಯನ್ನು ಸಣ್ಣ ಸರ್ಕ್ಯೂಟಿನಲ್ಲಿ ತುಂಬಲು ನ್ಯೂಯಾರ್ಕಿನ ಟೆಕ್ 21 ಕಂಪನಿ 1989ರಲ್ಲಿ ಸ್ಯಾನ್ಸ್‌ಆಂಪ್ ತಂದಿತು. ಹೆಸರಿನ ಅರ್ಥವೇ 'ಆಂಪ್ ಇಲ್ಲದೆ'. 1995ರಲ್ಲಿ ರೋಲ್ಯಾಂಡ್ ವಿಜಿ-8, 1998ರಲ್ಲಿ ಲೈನ್ 6 ಕಂಪನಿಯ ಕೆಂಪು ಬಣ್ಣದ ಪಾಡ್. ಸ್ವಲ್ಪ ದಿನಕ್ಕೆ ಬೇಸಿಗೇ ಬೇರೆ ಪಾಡ್ ಬಂತು. 2006ರಲ್ಲಿ ಆಕ್ಸ್-ಎಫ್ಎಕ್ಸ್, 2015ರಲ್ಲಿ ಹೀಲಿಕ್ಸ್, 2018ರಲ್ಲಿ ಅಂಗೈ ಅಗಲದ ಎಚ್ಎಕ್ಸ್ ಸ್ಟಾಂಪ್. ಜೊತೆಗೆ ಝೂಮ್ ತರಹದ ಕಂಪನಿಗಳ ಕಡಿಮೆ ಬೆಲೆಯ ಡಬ್ಬಿಗಳು. ನಮ್ಮ ಕಡೆಗೆ ಮುಟ್ಟಿದ್ದು ಹೆಚ್ಚಾಗಿ ಇವೇ.

ಇವುಗಳೊಳಗೆ ನಡೆಯೋದು ಏನು? ತಂತಿಯಿಂದ ಬಂದ ವಿದ್ಯುತ್ತನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿ ಮಾಡುತ್ತದೆ. ವ್ಯಾಲ್ವು ಏನು ಮಾಡುತ್ತಿತ್ತೋ ಅದನ್ನು ಆ ಅಂಕಿಗಳ ಮೇಲೆ ಲೆಕ್ಕದಲ್ಲಿ ಮಾಡಿ, ತಿರುಗಿ ವಿದ್ಯುತ್ ಮಾಡಿ ಹೊರಗೆ ಬಿಡುತ್ತದೆ.

ಸ್ಪೀಕರ್ ಪೆಟ್ಟಿಗೆಯ ಲೆಕ್ಕಕ್ಕೆ ಗೋಲ್‌ಗುಂಬಜ್ ನೆನಸಿಕೊಳ್ರಿ. ಒಳಗೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಆ ಗುಮ್ಮಟದ ಗುಣವೆಲ್ಲ ಮಾರ್ದನಿಯಲ್ಲಿ ತಿರುಗಿ ಬರುತ್ತದೆ. ಆ ಒಂದು ಮಾರ್ದನಿಯನ್ನು ಹಿಡಿದಿಟ್ಟುಕೊಂಡರೆ ಯಾವ ಹಾಡನ್ನಾದರೂ ಗುಮ್ಮಟದೊಳಗೆ ಹಾಡಿದಂತೆ ಕೇಳಿಸಬಹುದು. ಎಂಟು ಸ್ಪೀಕರಿನ ಪೆಟ್ಟಿಗೆಯನ್ನೂ ಹಾಗೇ 'ಚಪ್ಪಾಳೆ ತಟ್ಟಿ' ಹಿಡಿದು ಡಬ್ಬಿಯೊಳಗೆ ಇಟ್ಟಿರುತ್ತಾರೆ.

ಲೆಕ್ಕಕ್ಕ ತಡ ಆಗಂಗಿಲ್ಲೇನು? ಆಗ್ತದ, ಕೆಲವೇ ಮಿಲಿಸೆಕೆಂಡು. ಆದ್ರ ಆಂಪಿನಿಂದ ಎರಡು ಮೀಟರ್ ದೂರ ನಿಂತ್ರೂ ಶಬ್ದ ಕಿವಿಗೆ ಬರಾಕ ಸುಮಾರು 6 ಮಿಲಿಸೆಕೆಂಡು ಬೇಕು. ಬೆರಳಿಗೆ ಗೊತ್ತಾಗಂಗಿಲ್ಲ.

7/9

ಈ ಫೋಟೋ ಮಸ್ಕಿ ಗುಡ್ಡ. ಇದೇನು ಇಲ್ಲಿ ಬಂತು ಅಂತೀರಾ? ಒಂದು ಸಣ್ಣ ಸಂಬಂಧ ಐತಿ.

ಅಶೋಕನ ಶಾಸನಗಳಲ್ಲಿ ರಾಜ ತನ್ನನ್ನು ಬಿರುದಿನಿಂದ ಕರೆದುಕೊಳ್ಳುತ್ತಾನೆ: ದೇವಾನಾಂಪಿಯ, ಪಿಯದಸಿ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮೀ ಲಿಪಿ ಓದಿದ ಮೇಲೆ ಇವನು ಅಶೋಕನೇ ಅಂತ ವಿದ್ವಾಂಸರು ತೀರ್ಮಾನಿಸಿದ್ದರು, ಆದರೆ ಅವನ ಶಾಸನಗಳಲ್ಲಿ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್‌ಗೆ ಮಸ್ಕಿಯಲ್ಲಿ ಶಾಸನ ಸಿಕ್ಕಿತು. ಅದರಲ್ಲಿ 'ಅಶೋಕ' ಅಂತ ನೇರವಾಗಿ ಹೆಸರೇ ಇತ್ತು.

ಮಾಡೆಲರ್ ಡಬ್ಬಿಗಳಲ್ಲೂ ಬಿರುದುಗಳೇ ಇರುತ್ತವೆ. ಟ್ರೇಡ್‌ಮಾರ್ಕ್ ಕಾರಣಕ್ಕೆ ಮೂಲ ಆಂಪಿನ ಹೆಸರು ಹಾಕುವಂತಿಲ್ಲ. ಹೀಲಿಕ್ಸ್‌ನಲ್ಲಿ 'ಎಸ್‌ವಿ ಬೀಸ್ಟ್' ಅಂತ ಕಂಡರೆ ಅದು ಆಂಪೆಗ್ ಎಸ್‌ವಿಟಿ. ಹೊಸದಾಗಿ ನುಡಿಸುವ ನಮ್ಮ ಹುಡುಗರಿಗೆ ಈ ಬಿರುದಷ್ಟೇ ಗೊತ್ತು, ಅದರ ಹಿಂದಿನ ರಾಜ ಗೊತ್ತಿಲ್ಲ. ಅವನು ಎರಡಾಳು ಹೊರಬೇಕಾದ ಪೆಟ್ಟಿಗೆ, ಅವನ ಸದ್ದು ಎದೆಗೆ ಬಡಿಯುತ್ತಿತ್ತು ಅಂತ ಗೊತ್ತಿಲ್ಲ. ಡಬ್ಬಿ ಕೊಡುವುದು ಆ ಆಂಪಿಗೆ ಮೈಕ್ ಇಟ್ಟು ಹಿಡಿದ ಸದ್ದನ್ನು. ಬೆನ್ನ ಹಿಂದೆ ನಿಂತ ಪೆಟ್ಟಿಗೆ ತಳ್ಳುವ ಗಾಳಿಯನ್ನಲ್ಲ. ಈ ವ್ಯತ್ಯಾಸ ದೊಡ್ಡದು, ಮುಚ್ಚಿಡಬಾರದು.

8/9

ಬೆಂಗಳೂರು, ಮೈಸೂರು ಕಡೆ ಕಥಿ ಬೇರೆ ದಾರಿ ಹಿಡಿದಿತ್ತು. 1996ರಲ್ಲಿ ಬೆಂಗಳೂರಿನಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಶುರುವಾಯಿತು. ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ, ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಗೌರವ್ ವಾಜ್. ಇವರು ಮೂಲೆಯಲ್ಲಿ ನಿಂತ ಬೇಸಿನವರಲ್ಲ, ತಂಡದ ಮುಖಗಳಾಗಿದ್ದರು. 2008ರಲ್ಲಿ ಬಂದ ರಘು ದೀಕ್ಷಿತ್‌ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳಿದ್ದವು. ಏಕತಾರಿ ಮಾಡುತ್ತಿದ್ದ ಕೆಲಸಕ್ಕೆ ಅಲ್ಲಿ ಬೇಸ್ ಗಿಟಾರು ನಿಂತಿತು.

ಇಲ್ಲಿಯ ಹುಡುಗರು ಮೊಬೈಲಿನಾಗ ಅದನ್ನ ನೋಡಿದ್ರು. ಗಿಟಾರು ಹೆಂಗೋ ಕೊಂಡ್ರು. ಆಂಪು? ಅಲ್ಲೇ ನಿಂತಿತ್ತು ಎಲ್ಲಾ. ಡಬ್ಬಿ ಬಂದ ಮೇಲೆ ಒಂದು ಬ್ಯಾಗು, ಒಂದು ಬಸ್ ಟಿಕೆಟ್ ಸಾಕಾಯಿತು.

9/9

ಈಗ ಮೊದಲ ಫೋಟೋದ ರಾತ್ರಿಗೆ ತಿರುಗಿ ಹೋಗೋಣ.

ಮೂರನೇ ಹಾಡಿನಾಗ ಕರೆಂಟ್ ಹೋತು. ಜನರೇಟರ್‌ಗೆ ಬದಲಾಯಿಸಾಕ ಎರಡೇ ಸೆಕೆಂಡು. ಕೀಬೋರ್ಡಿಗೆ ಬ್ಯಾಟರಿ ಇತ್ತು, ಮೈಕು ತಿರುಗಿ ಬಂತು, ಹಾಡು ನಡೀತು. ಹುಡುಗನ ಡಬ್ಬಿ ಮಾತ್ರ ಕಂಪ್ಯೂಟರ್ ಇದ್ದಂಗ, ಮೊದಲಿಂದ ಎದ್ದು ಕೂಡಬೇಕು. ಅವ ತಲಿ ಬಗ್ಗಿಸಿ ಆ ಸಣ್ಣ ಪರದಿ ನೋಡ್ಕೋತ ನಿಂತ. ಒಂದು ಚರಣ ಪೂರಾ ಬೇಸ್ ಇಲ್ಲ. ತಂಡದವರೊಬ್ಬರು ಕೀಬೋರ್ಡಿನವರ ಕಡೆ ನೋಡಿ ಎಡಗೈ ಸನ್ನಿ ಮಾಡಿದ್ರು. ಆ ಸನ್ನಿ ಹುಡುಗನೂ ನೋಡಿದ. ಅವನ ಮುಖ ನಾನು ಇನ್ನೂ ಮರ್ತಿಲ್ಲ.

ಅದಕ್ಕ, ನಿಮ್ಮ ಮನ್ಯಾಗ, ಓಣ್ಯಾಗ ಇಂಥ ಹುಡುಗ ಹುಡುಗಿ ಇದ್ರ ಇಷ್ಟು ಹೇಳ್ರಿ.

ಒಂದು: ಡಬ್ಬಿಗೆ ಪವರ್‌ಬ್ಯಾಂಕೋ ಸಣ್ಣ ಯುಪಿಎಸ್ಸೋ ಇರಲಿ, ಎಷ್ಟು ವೋಲ್ಟ್ ಬೇಕು ಅಂತ ಡಬ್ಬಿಯ ಮೇಲೆ ನೋಡಿ ಕೊಳ್ಳಿ. ಬ್ಯಾಗಿನಲ್ಲಿ ಕರೆಂಟೇ ಬೇಡದ ಪ್ಯಾಸಿವ್ ಡಿಐ ಒಂದು ಇರಲಿ. ಅಂಥ ರಾತ್ರಿ ಅದೇ ಮಾನ ಕಾಯುತ್ತದೆ.

ಎರಡು: ಮನೆಯಲ್ಲಿ ಮೆಲ್ಲಗೆ ಕೇಳಿ ಮಾಡಿದ ಸೌಂಡು ವೇದಿಕೆಯಲ್ಲಿ ಗುಡುಗುಡು ಅನ್ನುತ್ತದೆ. ಸದ್ದು ಜೋರಾದಷ್ಟೂ ಕಿವಿಗೆ ಕೆಳಗಿನ ಸ್ವರ ಹೆಚ್ಚು ಕೇಳುತ್ತದೆ ಅಂತ 1933ರಲ್ಲೇ ಫ್ಲೆಚರ್, ಮನ್ಸನ್ ಅಳೆದು ತೋರಿಸಿದ್ದಾರೆ. ಹಾಗಾಗಿ ಸೌಂಡ್ ಚೆಕ್‌ನಲ್ಲಿ ಜೋರಾಗಿ ಕೇಳಿ, ಆಮೇಲೆ ಸೇವ್ ಮಾಡಿ.

ಮೂರು: ಸಣ್ಣ ಸ್ಪೀಕರ್, ಹಾರ್ನು ಇರುವ ಕಡೆ ಬೇಸ್ ನಾಬ್ ಏರಿಸಬೇಡಿ. ಸ್ವಲ್ಪ ಡ್ರೈವ್ ಸೇರಿಸಿ. ಮೂರನೇ ಕ್ಯಾಪ್ಷನ್ನಿನ ಚಮತ್ಕಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಲಿನ ಸ್ವರಾಂಶ ಮುಟ್ಟಿದರೆ ಕೆಳಗಿನದನ್ನು ಜನರ ಕಿವಿಯೇ ಕಟ್ಟಿಕೊಳ್ಳುತ್ತದೆ.

ನಾಲ್ಕು: ಗುಂಯ್ ಅನ್ನುವ ಹಮ್ ಬಂದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಒತ್ತಿ ನೋಡಿ. ನಮ್ಮ ಕರೆಂಟು 50 ಹರ್ಟ್ಜ್, ದಪ್ಪ ತಂತಿಯ ಮೂರನೇ ಮೆಟ್ಟಿಲ ಸ್ವರ 49. ಎರಡೂ ಒಂದಕ್ಕೊಂದು ತಿಕ್ಕಾಡುತ್ತವೆ. ಪ್ಲಗ್ಗಿನ ಅರ್ಥಿಂಗ್ ಪಿನ್ ಮಾತ್ರ ಎಂದೂ ಕೀಳಬೇಡಿ, ಅದು ಜೀವದ ಪ್ರಶ್ನೆ.

ಆ ರಾತ್ರಿ ಡಬ್ಬಿ ಎದ್ದು ಕುಂತಿತು. ಪಲ್ಲವಿಗೆ ಸರಿಯಾಗಿ ಹುಡುಗ ತಿರುಗಿ ಸೇರ್ಕೊಂಡ. ನನ್ನ ಪಕ್ಕದ ಹಿರಿಯರು ಗಿಟಾರು ಕಡೆ ನೋಡಿರಲೇ ಇಲ್ಲ, ಎಲಿ ಅಡಿಕಿ ತೆಗೀತಿದ್ರು. ತಲಿ ಎತ್ತಿ ಅಂದ್ರು: "ಹಾಂ, ಈಗ ತುಂಬಿತು ನೋಡು."

ಆ ಹುಡುಗಗ ಈ ಮಾತು ಮುಟ್ಟಿಸಬೇಕು ಅಂತ ಇಷ್ಟುದ್ದ ಬರದೆ. ನಿಮ್ಮೂರಿನ ವೇದಿಕೆಯಾಗ ಮೂಲ್ಯಾಗ ನಿಂತು ನುಡಿಸೋರು ಯಾರಾದ್ರೂ ಇದ್ರ, ಅವರಿಗೆ ಇದನ್ನ ಕಳಸ್ರಿ.

#ಲಿಂಗಸುಗೂರು #ಮಸ್ಕಿ #ಸಿಂಧನೂರು #ಬೇಸ್‌ಗಿಟಾರ್ #ರಸಮಂಜರಿ #ನಮ್ಮಭಾಗದಕಥಿ