ಶುಕ್ರವಾರ ಮಧ್ಯಾಹ್ನದ ಮಸೂದೆಗಳು: ರಾಜ್ಯಸಭೆಯ ಕಲಾಪ ಮತ್ತು ಚೆನ್ನೈನ ಮೂರು ಪ್ರಕರಣಗಳು

ಸಂಸತ್ತಿನ ಮೇಲ್ಮನೆಯಾದ ರಾಜ್ಯಸಭೆಯಲ್ಲಿ ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆ ಸರ್ಕಾರದ್ದಲ್ಲ, ಸದಸ್ಯರದ್ದು. ಮಂತ್ರಿಯಲ್ಲದ ಯಾವ ಸದಸ್ಯರಾದರೂ ಆ ಹೊತ್ತಿನಲ್ಲಿ ಸ್ವಂತ ಮಸೂದೆ ಮಂಡಿಸಬಹುದು. ಇದನ್ನು ಖಾಸಗಿ ಮಸೂದೆ ಎನ್ನುತ್ತಾರೆ. ಸ್ವಾತಂತ್ರ್ಯಾನಂತರ ಎರಡೂ ಸದನಗಳು ಸೇರಿ ಕಾನೂನಾಗಿಸಿದ ಖಾಸಗಿ ಮಸೂದೆಗಳು ಒಟ್ಟು 14. ಅವುಗಳಲ್ಲಿ 5 ರಾಜ್ಯಸಭೆಯಲ್ಲಿ ಹುಟ್ಟಿದವು. 1970ರ ನಂತರ ಒಂದೂ ಕಾನೂನಾಗಿಲ್ಲ. ಈ ಲೆಕ್ಕ ನೋಡಿದವರಿಗೆ ಶುಕ್ರವಾರದ ಕಲಾಪ ಬರೀ ಕಾಲಹರಣದಂತೆ ಕಾಣಬಹುದು. ಆದರೆ ಚೆನ್ನೈ ಮತ್ತು ತಮಿಳುನಾಡಿಗೆ ಸಂಬಂಧಿಸಿದ ಮೂರು ಖಾಸಗಿ ಮಸೂದೆಗಳ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ಮೂರೂ ಕಾನೂನಾಗಲಿಲ್ಲ, ಮೂರರ ವಿಷಯವೂ ಮುಂದೆ ಕಾನೂನಾಯಿತು.

ಸದನದ ರಚನೆ

ರಾಜ್ಯಸಭೆಯ ಮೊದಲ ಅಧಿವೇಶನ ಆರಂಭವಾದದ್ದು 1952ರ ಮೇ 13ರಂದು. ಆಗ ಅದರ ಹೆಸರು ಕೌನ್ಸಿಲ್ ಆಫ್ ಸ್ಟೇಟ್ಸ್. ರಾಜ್ಯಸಭೆ ಎಂಬ ಹೆಸರನ್ನು ಸದನದಲ್ಲಿ ಪ್ರಕಟಿಸಿದ್ದು 1954ರ ಆಗಸ್ಟ್ 23ರಂದು. ಸಂವಿಧಾನದ ಪ್ರಕಾರ ಗರಿಷ್ಠ ಸದಸ್ಯಬಲ 250, ಈಗಿರುವುದು 245. ಇವರಲ್ಲಿ 233 ಮಂದಿ ರಾಜ್ಯಗಳಿಂದ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಂದ ಚುನಾಯಿತರು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯ ಕ್ಷೇತ್ರಗಳಿಂದ 12 ಮಂದಿಯನ್ನು ರಾಷ್ಟ್ರಪತಿ ನಾಮಕರಣ ಮಾಡುತ್ತಾರೆ. ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಹೀಗಾಗಿ ಸದನ ಎಂದೂ ವಿಸರ್ಜನೆಯಾಗುವುದಿಲ್ಲ.

ತಮಿಳುನಾಡಿನ ಪಾಲು 18, ಕರ್ನಾಟಕದ ಪಾಲು 12. ತಮಿಳುನಾಡಿನ ಸ್ಥಾನಗಳಿಗೆ ಮತದಾನ ನಡೆಯುವುದು ಚೆನ್ನೈನ ಸೇಂಟ್ ಜಾರ್ಜ್ ಕೋಟೆಯಲ್ಲಿ. ಮತದಾರರು 234 ಶಾಸಕರು. ಆರು ಸ್ಥಾನಗಳಿಗೆ ಚುನಾವಣೆ ನಡೆದಾಗ, ಸ್ಥಾನಕ್ಕಿಂತ ಒಂದು ಹೆಚ್ಚು ಸಂಖ್ಯೆಯಿಂದ, ಅಂದರೆ ಏಳರಿಂದ, ಭಾಗಿಸಿ ಲೆಕ್ಕ ಹಾಕಿದರೆ ಒಬ್ಬ ಅಭ್ಯರ್ಥಿಯ ಗೆಲುವಿಗೆ 34 ಶಾಸಕರ ಮೊದಲ ಪ್ರಾಶಸ್ತ್ಯದ ಮತ ಬೇಕು. ಪಕ್ಷಗಳು ತಮ್ಮ ಬಲ ಅರಿತು ಅಷ್ಟೇ ಅಭ್ಯರ್ಥಿಗಳನ್ನು ನಿಲ್ಲಿಸಿದರೆ ಮತದಾನದ ಪ್ರಮೇಯವೇ ಬರುವುದಿಲ್ಲ. 2025ರ ಜೂನ್‌ನಲ್ಲಿ ನಟ ಕಮಲ್ ಹಾಸನ್ ಸೇರಿ ಆರು ಮಂದಿ ಹೀಗೆ ಅವಿರೋಧವಾಗಿ ಆಯ್ಕೆಯಾದರು.

ಉಪರಾಷ್ಟ್ರಪತಿಯೇ ಸದನದ ಸಭಾಪತಿ. ಮೊದಲ ಸಭಾಪತಿ ಸರ್ವೇಪಲ್ಲಿ ರಾಧಾಕೃಷ್ಣನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಬಳಿಕ ಮೈಸೂರು ವಿಶ್ವವಿದ್ಯಾಲಯದಲ್ಲೂ ತತ್ವಶಾಸ್ತ್ರ ಬೋಧಿಸಿದವರು. 2025ರ ಸೆಪ್ಟೆಂಬರ್‌ನಲ್ಲಿ ಆ ಪೀಠಕ್ಕೆ ಬಂದ ಸಿ.ಪಿ. ರಾಧಾಕೃಷ್ಣನ್ ತಿರುಪ್ಪೂರಿನವರು.

ಬೆಳಗಿನ ಕಲಾಪ

ಸದನ ಸೇರುವುದು ಬೆಳಿಗ್ಗೆ 11ಕ್ಕೆ. ಕೋರಂಗೆ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಅಂದರೆ 25 ಮಂದಿ ಇರಬೇಕು. ಅಂದಿನ ಕೆಲಸವೆಲ್ಲ ಕಾರ್ಯಸೂಚಿಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ಯಾವ ಸರ್ಕಾರಿ ಮಸೂದೆಗೆ ಎಷ್ಟು ಗಂಟೆ ಎಂಬುದನ್ನು ಸಭಾಪತಿ ನೇತೃತ್ವದ ಕಲಾಪ ಸಲಹಾ ಸಮಿತಿ ತೀರ್ಮಾನಿಸುತ್ತದೆ.

ಮೊದಲಿಗೆ ಮಂತ್ರಿಗಳು ವಾರ್ಷಿಕ ವರದಿ, ಅಧಿಸೂಚನೆ ಮುಂತಾದ ಕಾಗದಪತ್ರಗಳನ್ನು ಸದನದ ಮುಂದಿಡುತ್ತಾರೆ. ಬಳಿಕ ಶೂನ್ಯವೇಳೆ. ಸದಸ್ಯರು ತಮ್ಮ ರಾಜ್ಯದ ತುರ್ತು ಸಂಗತಿಗಳನ್ನು ಎತ್ತಲು ಒಬ್ಬೊಬ್ಬರಿಗೆ ಮೂರು ನಿಮಿಷ ಸಿಗುತ್ತದೆ. ಹಿಂದೆ 11ಕ್ಕೇ ಪ್ರಶ್ನೋತ್ತರ ಶುರುವಾಗುತ್ತಿತ್ತು. ಗದ್ದಲದಲ್ಲಿ ಅದು ಕೊಚ್ಚಿಹೋಗುವುದೇ ಹೆಚ್ಚಾದ ಕಾರಣ, ಹಮೀದ್ ಅನ್ಸಾರಿ ಸಭಾಪತಿಯಾಗಿದ್ದ 2014ರ ಚಳಿಗಾಲದ ಅಧಿವೇಶನದಿಂದ ಅದನ್ನು ಮಧ್ಯಾಹ್ನ 12ಕ್ಕೆ ಬದಲಿಸಲಾಯಿತು.

ದಿನವೊಂದಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳಿರುತ್ತವೆ. ಇವಕ್ಕೆ ಮಂತ್ರಿ ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ರಹಿತ ಪ್ರಶ್ನೆಗಳು 160ರವರೆಗೆ ಇರಬಹುದು. ಅವಕ್ಕೆ ಲಿಖಿತ ಉತ್ತರ ಸಾಕು.

ಮಾತಿಗೆ ಹಿಂದಿ, ಇಂಗ್ಲಿಷೇ ಆಗಬೇಕೆಂದಿಲ್ಲ. 2018ರ ಮುಂಗಾರು ಅಧಿವೇಶನದಿಂದ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಭಾಷಾಂತರದ ಏರ್ಪಾಡಾಗಿದೆ. ಕನ್ನಡ, ತಮಿಳು ಮೊದಲೇ ಇದ್ದವು. ಕೊಂಕಣಿ ಆಗ ಸೇರಿತು.

ಮಸೂದೆ ಸಾಗುವ ದಾರಿ

ಊಟದ ವಿರಾಮದ ನಂತರ ಶಾಸನದ ಕೆಲಸ. ಮಸೂದೆಗೆ ಮೂರು ಹಂತಗಳಿವೆ. ಮಂಡಿಸಲು ಸದನದ ಅನುಮತಿ ಪಡೆಯುವುದು ಮೊದಲನೆಯದು. ಎರಡನೆಯದರಲ್ಲಿ ಒಟ್ಟು ಉದ್ದೇಶದ ಮೇಲೆ ಚರ್ಚೆ ನಡೆದು, ಬಳಿಕ ಒಂದೊಂದೇ ಖಂಡವನ್ನೂ ಅದಕ್ಕೆ ಬಂದ ತಿದ್ದುಪಡಿಯನ್ನೂ ಮತಕ್ಕೆ ಹಾಕಲಾಗುತ್ತದೆ. ಮಸೂದೆಯನ್ನು ಸ್ಥಾಯಿ ಸಮಿತಿಗೋ ಪ್ರವರ ಸಮಿತಿಗೋ ಕಳಿಸಿದರೆ ಈ ಹಂತ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಮೂರನೆಯದು ಅಂಗೀಕಾರ. ಸಾಮಾನ್ಯವಾಗಿ ಧ್ವನಿಮತದಲ್ಲೇ ಮುಗಿಯುತ್ತದೆ. ಯಾರಾದರೂ ಪಟ್ಟು ಹಿಡಿದರೆ ಮತವಿಭಜನೆ, ಅಂದರೆ ತಲೆಲೆಕ್ಕ. ಲೋಕಸಭೆಯಲ್ಲಿ ಪಾಸಾಗಿ ಬಂದ ಮಸೂದೆಯಾದರೆ ಅದರ ಸಂದೇಶವನ್ನು ಮಹಾಕಾರ್ಯದರ್ಶಿ ಸದನಕ್ಕೆ ತಿಳಿಸುತ್ತಾರೆ.

ಹಣಕಾಸು ಮಸೂದೆಯ ವಿಷಯದಲ್ಲಿ ರಾಜ್ಯಸಭೆಯ ಕೈ ಕಟ್ಟಿದೆ. 14 ದಿನದೊಳಗೆ ಶಿಫಾರಸು ಮಾಡಿ ಹಿಂದಿರುಗಿಸಬಹುದೇ ಹೊರತು ತಡೆಯಲಾಗದು. ಸಂವಿಧಾನ ತಿದ್ದುಪಡಿಯಲ್ಲಿ ಮಾತ್ರ ಎರಡೂ ಸದನಗಳ ತೂಕ ಸಮ. ಉಳಿದ ಮಸೂದೆಗಳಲ್ಲಿ ಸದನಗಳಿಗೆ ಭಿನ್ನಾಭಿಪ್ರಾಯ ಬಂದರೆ 108ನೇ ವಿಧಿಯಂತೆ ಜಂಟಿ ಅಧಿವೇಶನ ಕರೆಯಬಹುದು. ಶಾಸನಕ್ಕಾಗಿ ಅಂಥದ್ದು ನಡೆದಿರುವುದು ಮೂರೇ ಸಲ: 1961, 1978, 2002.

ಎರಡನೆಯದಕ್ಕೆ ಮದ್ರಾಸಿನ ನಂಟಿದೆ. ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ ಮಸೂದೆಯನ್ನು ರಾಜ್ಯಸಭೆ ತಿರಸ್ಕರಿಸಿದ್ದರಿಂದ ಜಂಟಿ ಅಧಿವೇಶನ ಕರೆಯಬೇಕಾಯಿತು. ಆಗ ಲೋಕಸಭೆಯ ಸ್ಪೀಕರ್ ಕೆ.ಎಸ್. ಹೆಗ್ಡೆ. ಕಾರ್ಕಳ ತಾಲೂಕಿನ ಕೌಡೂರಿನ ಇವರು 1952ರಲ್ಲಿ ರಾಜ್ಯಸಭೆಗೆ ಹೋದದ್ದು ಮದ್ರಾಸ್ ರಾಜ್ಯದಿಂದ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಮುಂದೆ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿ, ಸುಪ್ರೀಂ ಕೋರ್ಟಿಗೂ ಹೋಗಿ, 1973ರಲ್ಲಿ ಸೇವಾಜ್ಯೇಷ್ಠತೆ ಕಡೆಗಣಿಸಿದ್ದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟು ಹೊರಬಂದವರು. ಹಿಂದೆ ತಾವೇ ಕೂತಿದ್ದ ಮೇಲ್ಮನೆಯ ತೀರ್ಮಾನವನ್ನು ಮೀರಲು ಸೇರಿದ ಸಭೆ ಅವರ ಅಧ್ಯಕ್ಷತೆಗೆ ಬಂತು.

ಖಾಸಗಿ ಮಸೂದೆಯ ನಿಯಮ

ಖಾಸಗಿ ಮಸೂದೆಗೆ ಒಂದು ತಿಂಗಳ ಮುಂಗಡ ಸೂಚನೆ ಬೇಕು. ಚರ್ಚೆಯ ಸರದಿ ತೀರ್ಮಾನವಾಗುವುದು ಚೀಟಿ ಎತ್ತುವ ಮೂಲಕ. ಒಂದು ಶುಕ್ರವಾರ ಮಸೂದೆಗಳಿಗಾದರೆ ಇನ್ನೊಂದು ನಿರ್ಣಯಗಳಿಗೆ. ಚರ್ಚೆ ಆ ಎರಡೂವರೆ ಗಂಟೆಯಲ್ಲಿ ಮುಗಿಯದಿದ್ದರೆ ಮುಂದಿನ ಸರದಿಗೆ ಕಾಯಬೇಕು.

ರಾಜ್ಯಸಭೆಯಲ್ಲಿ ಮಂಡನೆಯಾಗಿ ಲೋಕಸಭೆಗೆ ಹೋಗದೆ ಉಳಿದ ಸರ್ಕಾರಿ ಮಸೂದೆ ಲೋಕಸಭೆ ವಿಸರ್ಜನೆಯಾದರೂ ಬಿದ್ದುಹೋಗುವುದಿಲ್ಲ. ಖಾಸಗಿ ಮಸೂದೆಗೆ ಮಾತ್ರ ಇನ್ನೊಂದು ಅಪಾಯವಿದೆ. ಮಂಡಿಸಿದವರು ನಿವೃತ್ತರಾದರೆ ಅದು ಪಟ್ಟಿಯಿಂದ ಹೊರಬೀಳುತ್ತದೆ. ಹಾಗಾಗಿ ಇಂಥ ಮಸೂದೆಗಳ ಕೊನೆ ಬಹುಪಾಲು ಒಂದೇ ರೀತಿ: ಚರ್ಚೆ, ಮಂತ್ರಿಯ ಉತ್ತರ, ಭರವಸೆ, ಹಿಂತೆಗೆತ.

ರುಕ್ಮಿಣಿದೇವಿ: ಪ್ರಾಣಿಗಳ ಮಸೂದೆ

ಭರವಸೆಯೊಂದು ನಿಜವಾಗಿ ಈಡೇರಿದ್ದಕ್ಕೆ ಮೊದಲ ಉದಾಹರಣೆ ಮದ್ರಾಸಿನ ರುಕ್ಮಿಣಿದೇವಿ ಅರುಂಡೇಲ್ ಅವರದ್ದು. 1936ರಲ್ಲಿ ಅಡಯಾರಿನಲ್ಲಿ ಕಲಾಕ್ಷೇತ್ರ ಕಟ್ಟಿದ ಈ ಭರತನಾಟ್ಯ ಕಲಾವಿದೆ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರಲ್ಲಿ ಒಬ್ಬರು. 1962ರವರೆಗೆ ಸದಸ್ಯರಾಗಿದ್ದರು. ಕಲಾವಿದೆಯಾಗಿ ಸದನಕ್ಕೆ ಹೋದರೂ ಅವರು ಕೈಗೆತ್ತಿಕೊಂಡದ್ದು ಪ್ರಾಣಿಗಳ ಸಂಕಟವನ್ನು.

ಆಗ ಜಾರಿಯಲ್ಲಿದ್ದುದು ಬ್ರಿಟಿಷರ ಕಾಲದ 1890ರ ಕಾಯ್ದೆ. ಪ್ರಯೋಗಾಲಯದ ಪ್ರಾಣಿಗಳು, ಸಾಗಣೆಯ ಜಾನುವಾರುಗಳು, ಸರ್ಕಸ್ಸಿನ ಮೃಗಗಳು ಇವೆಲ್ಲವನ್ನೂ ಕಾಯುವ ಶಕ್ತಿ ಅದಕ್ಕಿರಲಿಲ್ಲ. ರುಕ್ಮಿಣಿದೇವಿ 1953ರಲ್ಲಿ ಖಾಸಗಿ ಮಸೂದೆ ತಂದರು. 1954ರ ಮಾರ್ಚ್‌ನಲ್ಲಿ ಅದರ ಮೇಲೆ ಚರ್ಚೆ ನಡೆಯಿತು. ಪ್ರಧಾನಿ ನೆಹರೂ ಮಧ್ಯೆ ಪ್ರವೇಶಿಸಿ, ಸರ್ಕಾರವೇ ವಿಷಯವನ್ನು ಪರಿಶೀಲಿಸಿ ಕಾನೂನು ತರುವುದಾಗಿ ಹೇಳಿದ ಮೇಲೆ ಅವರು ಮಸೂದೆ ಹಿಂಪಡೆದರು. ಸರ್ಕಾರ ಸಮಿತಿ ರಚಿಸಿತು. 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು.

ಈ ಕಾಯ್ದೆಯಡಿ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ರುಕ್ಮಿಣಿದೇವಿಯೇ ಅದರ ಮೊದಲ ಅಧ್ಯಕ್ಷರು. ಅಖಿಲ ಭಾರತ ಮಟ್ಟದ ಈ ಮಂಡಳಿಯ ಕೇಂದ್ರ ಕಚೇರಿ ದಶಕಗಳ ಕಾಲ ಇದ್ದುದು ದೆಹಲಿಯಲ್ಲಲ್ಲ, ಚೆನ್ನೈನಲ್ಲಿ. ನಂತರ ಅದು ಹರಿಯಾಣದ ಬಲ್ಲಭಗಢಕ್ಕೆ ಹೋಯಿತು.

ಕನ್ನಡ ನಾಡಿಗೂ ಈ ಕಾಯ್ದೆಯ ಬಿಸಿ ತಟ್ಟಿದ್ದುಂಟು. ಇದರ ಆಧಾರದಲ್ಲೇ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಜಲ್ಲಿಕಟ್ಟನ್ನು ನಿಷೇಧಿಸಿತು. ಅದರ ನೆರಳು ಕರಾವಳಿಯ ಕಂಬಳದ ಮೇಲೂ ಬಿತ್ತು. 2017ರ ಜನವರಿಯಲ್ಲಿ ನಿಷೇಧ ವಿರೋಧಿಸಿ ಚೆನ್ನೈನ ಮರೀನಾ ಬೀಚಿನಲ್ಲಿ ಜನ ಸೇರಿದ ಮೇಲೆ ತಮಿಳುನಾಡು ವಿಧಾನಸಭೆ ಕಾಯ್ದೆಗೆ ತಿದ್ದುಪಡಿ ತಂದಿತು. ಕಂಬಳಕ್ಕಾಗಿ ಕರ್ನಾಟಕವೂ ಅದೇ ದಾರಿ ಹಿಡಿಯಿತು. ಎರಡೂ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು.

ಅಣ್ಣಾದೊರೈ: ಹೆಸರಿನ ಮಸೂದೆ

1953ರಲ್ಲಿ ಮದ್ರಾಸ್ ರಾಜ್ಯದಿಂದ ಆಂಧ್ರ ಬೇರೆಯಾಗಿ, ಬಳ್ಳಾರಿಯ ಭಾಗ ಮೈಸೂರಿಗೆ ಬಂತು. 1956ರಲ್ಲಿ ದಕ್ಷಿಣ ಕನ್ನಡ, ಕೊಳ್ಳೇಗಾಲ ಮೈಸೂರಿಗೂ, ಕಾಸರಗೋಡು ಮತ್ತು ಮಲಬಾರ್ ಕೇರಳಕ್ಕೂ ಸೇರಿದವು. ಉಳಿದ ಮದ್ರಾಸ್ ರಾಜ್ಯ ಬಹುಮಟ್ಟಿಗೆ ತಮಿಳರದ್ದಾಗಿದ್ದರೂ ಹೆಸರು ಮಾತ್ರ ರಾಜಧಾನಿಯದ್ದೇ ಆಗಿತ್ತು. ಹೆಸರು ಬದಲಿಸಬೇಕೆಂಬ ಬೇಡಿಕೆಯೂ ಸೇರಿದಂತೆ ಹಲವು ಬೇಡಿಕೆಗಳಿಗಾಗಿ ಉಪವಾಸ ಕೂತ ಶಂಕರಲಿಂಗ ನಾಡಾರ್ 1956ರ ಅಕ್ಟೋಬರ್‌ನಲ್ಲಿ ಪ್ರಾಣ ಬಿಟ್ಟರು.

ರಾಜ್ಯಸಭೆಯಲ್ಲಿ ಹೆಸರು ಬದಲಾವಣೆಯ ಬೇಡಿಕೆಯನ್ನು ಖಾಸಗಿ ಮಸೂದೆಯಾಗಿ ತಂದವರು ಕಮ್ಯುನಿಸ್ಟ್ ಸದಸ್ಯ ಭೂಪೇಶ್ ಗುಪ್ತ. ಅವರು ಬಂಗಾಳದವರು. 1962ರಲ್ಲಿ ಸದನ ಪ್ರವೇಶಿಸಿದ್ದ ಸಿ.ಎನ್. ಅಣ್ಣಾದೊರೈ 1963ರ ಚರ್ಚೆಯಲ್ಲಿ ಅದನ್ನು ಬೆಂಬಲಿಸಿದರು. ಹೆಸರು ಬದಲಿಸಿ ನಿಮಗೇನು ಸಿಗುತ್ತದೆ ಎಂಬ ಪ್ರಶ್ನೆ ಬಂದಾಗ, ಕೌನ್ಸಿಲ್ ಆಫ್ ಸ್ಟೇಟ್ಸನ್ನು ರಾಜ್ಯಸಭೆ ಎಂದು ಕರೆದದ್ದರಿಂದ ನಿಮಗೇನು ಸಿಕ್ಕಿತು ಎಂಬ ಧಾಟಿಯಲ್ಲಿ ಅವರು ಮರುಪ್ರಶ್ನೆ ಹಾಕಿದರು. ಮಸೂದೆ ಬಿದ್ದುಹೋಯಿತು.

1967ರಲ್ಲಿ ಅಣ್ಣಾದೊರೈ ಮುಖ್ಯಮಂತ್ರಿಯಾದರು. ಅದೇ ವರ್ಷದ ಜುಲೈ 18ರಂದು ಮದ್ರಾಸ್ ವಿಧಾನಸಭೆ ಹೆಸರು ಬದಲಾವಣೆಯ ನಿರ್ಣಯ ಅಂಗೀಕರಿಸಿತು. 1968ರಲ್ಲಿ ಸಂಸತ್ತು ಸರ್ಕಾರಿ ಮಸೂದೆಯನ್ನೇ ಒಪ್ಪಿ, 1969ರ ಜನವರಿ 14ರಂದು, ಪೊಂಗಲ್ ಹೊತ್ತಿಗೆ, ತಮಿಳುನಾಡು ಎಂಬ ಹೆಸರು ಜಾರಿಗೆ ಬಂತು. ನಾಲ್ಕು ವರ್ಷಗಳ ನಂತರ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾದದ್ದೂ ಇಂಥದ್ದೇ ಸಂಸತ್ತಿನ ಕಾಯ್ದೆಯಿಂದ.

ತಿರುಚ್ಚಿ ಶಿವ: ತೃತೀಯಲಿಂಗಿಗಳ ಮಸೂದೆ

2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೃತೀಯಲಿಂಗಿಗಳ ಹಕ್ಕುಗಳನ್ನು ಮಾನ್ಯ ಮಾಡಿತು. ಅದರ ಬೆನ್ನಿಗೆ ತಮಿಳುನಾಡಿನ ಡಿಎಂಕೆ ಸದಸ್ಯ ತಿರುಚ್ಚಿ ಶಿವ ಈ ಸಮುದಾಯದ ಹಕ್ಕುಗಳಿಗಾಗಿ ಖಾಸಗಿ ಮಸೂದೆ ಮಂಡಿಸಿದರು. ಹಿಂಪಡೆಯುವಂತೆ ಸರ್ಕಾರ ಕೋರಿದರೂ ಅವರು ಜಗ್ಗಲಿಲ್ಲ. 2015ರ ಏಪ್ರಿಲ್ 24ರ ಶುಕ್ರವಾರ ರಾಜ್ಯಸಭೆ ಅದನ್ನು ಧ್ವನಿಮತದಿಂದ ಅಂಗೀಕರಿಸಿತು. ಖಾಸಗಿ ಮಸೂದೆಯೊಂದು ಸದನ ದಾಟಿದ್ದು ದಶಕಗಳ ಬಳಿಕ. ಆದರೆ ಲೋಕಸಭೆಯ ಅಂಗೀಕಾರ ಸಿಗಲಿಲ್ಲ. ಸರ್ಕಾರ ತನ್ನದೇ ಮಸೂದೆ ತಂದು, 2019ರಲ್ಲಿ ಅದು ಕಾನೂನಾಯಿತು. ಅದನ್ನು ಪ್ರವರ ಸಮಿತಿಗೆ ಒಪ್ಪಿಸಬೇಕೆಂದು ಶಿವ ಮಂಡಿಸಿದ ಸೂಚನೆಗೆ ಸೋಲಾಯಿತು.

ಸಿಕ್ಕಿದ್ದೆಷ್ಟು, ಬಿಟ್ಟದ್ದೆಷ್ಟು

ಮೂರರಲ್ಲಿ ಹೆಸರಿನ ಮಸೂದೆಯೊಂದೇ ಕೇಳಿದ್ದನ್ನು ಕೇಳಿದಂತೆ ಪಡೆದದ್ದು. ಹೆಸರು ಕೊಡಲು ಖಜಾನೆ ತೆರೆಯಬೇಕಿರಲಿಲ್ಲ. ವಿಧಾನಸಭೆಯ ನಿರ್ಣಯವೂ ಬೆನ್ನಿಗಿತ್ತು. ಉಳಿದೆರಡರಲ್ಲಿ ಸರ್ಕಾರ ವಿಷಯವನ್ನು ತೆಗೆದುಕೊಂಡು ಹರಿತವನ್ನು ಬಿಟ್ಟಿತು. ತಿರುಚ್ಚಿ ಶಿವ ಅವರ ಮಸೂದೆಯಲ್ಲಿದ್ದ ಶಿಕ್ಷಣ ಹಾಗೂ ಉದ್ಯೋಗ ಮೀಸಲಾತಿ, ವಿಶೇಷ ನ್ಯಾಯಾಲಯಗಳು 2019ರ ಕಾಯ್ದೆಯಲ್ಲಿ ಇಲ್ಲ. ಬದಲಿಗೆ ಗುರುತಿನ ಪತ್ರಕ್ಕಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಾದ ವಿಧಾನ ಬಂತು. ಸಮುದಾಯದ ಹಲವರು ಇದನ್ನು ವಿರೋಧಿಸಿದರು. 1960ರ ಕಾಯ್ದೆ ಪ್ರಾಣಿಗಳ ಮೇಲಿನ ಪ್ರಯೋಗವನ್ನು ನಿಯಂತ್ರಿಸಿತೇ ಹೊರತು ನಿಲ್ಲಿಸಲಿಲ್ಲ. ಮೊದಲ ಸಲ ತಪ್ಪು ಮಾಡಿದವರಿಗೆ ಅದು ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ.

ಆದ್ದರಿಂದ ಶುಕ್ರವಾರದ ಕಲಾಪವನ್ನು 14 ಎಂಬ ಅಂಕಿಯೊಂದರಿಂದಲೇ ಅಳೆಯುವುದು ತಪ್ಪು. ಅಲ್ಲಿ ಎದ್ದ ಮಾತೆಲ್ಲ ಗೆದ್ದಿತೆನ್ನುವುದೂ ತಪ್ಪು. ಖಾಸಗಿ ಮಸೂದೆಗೆ ಸರ್ಕಾರವನ್ನು ಒಂದು ವಿಷಯದ ಮೇಲೆ ಬಾಯಿ ಬಿಡಿಸುವ ಶಕ್ತಿಯಿದೆ. ಕಾನೂನಿನ ಒಂದೊಂದು ಖಂಡವನ್ನೂ ಬರೆಯುವ ಅಧಿಕಾರ ಮಾತ್ರ ಬಹುಮತ ಉಳ್ಳವರ ಕೈಯಲ್ಲೇ ಉಳಿಯುತ್ತದೆ. ಭರವಸೆ ಪಡೆದು ಮಸೂದೆ ಹಿಂತೆಗೆಯುವ ಸದಸ್ಯರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಸರ್ಕಾರಿ ಮಸೂದೆ ಬಂದ ದಿನ, ಖಂಡಗಳು ಮತಕ್ಕೆ ಬೀಳುವ ಹೊತ್ತಿನಲ್ಲಿ, ಅವರು ಸದನದಲ್ಲಿ ಇರಬೇಕಾಗುತ್ತದೆ.