ಬಾಡಿಗೆಯವರೇ ಯಜಮಾನರಾದ ಬಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಉದ್ಯೋಗಕ್ಕಾಗಿ ಮುಂಬಯಿ ಸೇರಿದವರಿಗೆ ಮನೆ ಕಟ್ಟುವ ಮಾತು ಹಾಗಿರಲಿ, ತಲೆ ಮರೆಸಿಕೊಳ್ಳಲು ಒಂದು ಕೊಠಡಿ ದೊರೆತರೇ ಪುಣ್ಯವೆನ್ನುವ ಕಾಲವೊಂದಿತ್ತು. ಆ ಕಾಲದಲ್ಲಿ ನಮ್ಮ ಕರಾವಳಿಯ ಕೆಲವು ಸಂಸಾರಗಳು ಕಂಡುಕೊಂಡ ದಾರಿಯನ್ನು ಇಲ್ಲಿ ನೆನೆಯಬಹುದು.

1896ರಲ್ಲಿ ಮುಂಬಯಿಗೆ ಪ್ಲೇಗು ಕಾಲಿಟ್ಟಿತು. ಗಾಳಿ ಬೆಳಕಿಲ್ಲದ ಚಾಳುಗಳ ದುಃಸ್ಥಿತಿ ಆಗ ಸರಕಾರದ ಕಣ್ಣಿಗೆ ಬಿತ್ತು. 1898ರಲ್ಲಿ ನಗರ ಸುಧಾರಣೆಯ ಟ್ರಸ್ಟು ಹುಟ್ಟಿತು. ಹಳೆಯ ಕೇರಿಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ತೆಗೆಯಿತು. ಆದರೆ ಕೆಡವಿದಷ್ಟು ಬೇಗನೆ ಕಟ್ಟಲಾಗಲಿಲ್ಲ. 1911ರ ಜನಗಣತಿಯ ಹೊತ್ತಿಗೂ ನಗರದ ಬಹುಪಾಲು ಜನ ಒಂದೇ ಕೊಠಡಿಯ ಬಿಡಾರಗಳಲ್ಲಿದ್ದರು. ನಾಲ್ಕಾರು ಮನೆಗಳಿಗೆ ಒಂದೇ ನಲ್ಲಿ, ಸಾಲಿನ ಕೊನೆಗೆ ಎಲ್ಲರಿಗೂ ಸೇರಿದ ಪಾಯಖಾನೆ. ಮಾಡು ಸೋರಿದರೆ ಯಜಮಾನನ ದಯೆ.

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದು ಬರಹ ಬಲ್ಲ ತರುಣರು ಹಡಗೇರಿ ಮುಂಬಯಿಗೆ ಹೋಗಿ ಕಚೇರಿಗಳಲ್ಲಿ ಗುಮಾಸ್ತರಾಗುತ್ತಿದ್ದರು. ಇವರಲ್ಲಿ ಚಿತ್ರಾಪುರ ಸಾರಸ್ವತರು ಅನೇಕರು. ಈ ಸಮಾಜದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಸಾಲ ಕೊಡಲು ಕೂಡಿದ ಕೈಗಳು ಮನೆ ಕಟ್ಟಲು ಏಕೆ ಕೂಡಬಾರದು? 1904ರ ಕಾನೂನು ಸಾಲದ ಸಂಘಗಳಿಗಷ್ಟೇ ಎಡೆ ಕೊಟ್ಟಿತ್ತು. 1912ರ ಕಾನೂನು ಬೇರೆ ಉದ್ದೇಶಗಳಿಗೂ ಬಾಗಿಲು ತೆರೆಯಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಏಷ್ಯಾ ಖಂಡದ ಮೊದಲ ಗೃಹ ಸಹಕಾರ ಸಂಘವೆಂದು ಅದು ಹೆಸರಾಗಿದೆ.

ಇದರ ಹಂಚಿಕೆ ಸರಳ. ಕಟ್ಟಡ ಸಂಘದ ಸೊತ್ತು. ಷೇರು ಕೊಂಡ ಸದಸ್ಯನು ಬಾಡಿಗೆ ತೆತ್ತು ವಾಸಿಸುತ್ತಾನೆ. ಆದರೆ ಆ ಬಾಡಿಗೆ ಯಾರೋ ಸಾಹುಕಾರನ ಲಾಭಕ್ಕೆ ಹೋಗದೆ ಸಂಘದ ಬೊಕ್ಕಸ ಸೇರುತ್ತದೆ. ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಮಾಡು ಸೋರಿದರೆ ಗೋಗರೆಯಬೇಕಾದ್ದಿಲ್ಲ. ಸಭೆಯಲ್ಲಿ ಎದ್ದು ಕೇಳಬಹುದು. ಬಾಡಿಗೆಯವನು ತಾನೇ ಯಜಮಾನನೂ ಆದನು. ಮನೆಯ ಸುಖ ಗೋಡೆಯ ಅಂದದಲ್ಲಿ ಮಾತ್ರವಲ್ಲ, ನಾಳೆ ಯಾರೂ ಎಬ್ಬಿಸಿ ಕಳಿಸಲಾರರೆಂಬ ಧೈರ್ಯದಲ್ಲೂ ಇದೆಯಷ್ಟೆ.

ಇಷ್ಟನ್ನು ಮೆಚ್ಚುವಾಗ ಇನ್ನೊಂದು ಮುಖವನ್ನು ಮರೆಯಬಾರದು. ಹೆಸರೇ ಹೇಳುವಂತೆ ಇದು ಒಂದು ಸಮಾಜದವರ ಸಂಘ. ಒಬ್ಬರನ್ನೊಬ್ಬರು ಬಲ್ಲವರಾದ್ದರಿಂದ ನಂಬಿಕೆ ಸುಲಭವಾಗಿ ಬೆಳೆಯಿತು. ಅದೇ ನಂಬಿಕೆ ಬೇಲಿಯೂ ಆಯಿತು. ಷೇರಿಗೆ ಹಣ ಕೂಡಿಸಲಾರದ ಗಿರಣಿ ಕೂಲಿಗಾರನಿಗಂತೂ ಚಾಳು ತಪ್ಪಲಿಲ್ಲ. ಸಮಾಜಕ್ಕೊಂದು ಸಂಘವೆಂಬ ಪದ್ಧತಿ ಮುಂದೆ ಹಬ್ಬಿತು. 2005ರಲ್ಲಿ ಅಹಮದಾಬಾದಿನ ಪಾರಸಿ ಗೃಹ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮವರಿಗಷ್ಟೇ ಮೀಸಲಿಡುವ ನಿಯಮವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಾನೂನು ಒಪ್ಪಿತೆಂದ ಮಾತ್ರಕ್ಕೆ ನೆರೆಹೊರೆಯ ಧರ್ಮದ ಪ್ರಶ್ನೆ ತೀರಲಿಲ್ಲ.

ಮಹಾರಾಷ್ಟ್ರದಲ್ಲಿ 1963ರ ಕಾನೂನು, ಫ್ಲಾಟುಗಳನ್ನು ಕಟ್ಟಿ ಮಾರುವವನೇ ಕೊಂಡವರ ಸಂಘ ಸ್ಥಾಪಿಸಲು ಏರ್ಪಾಡು ಮಾಡಬೇಕೆಂದು ವಿಧಿಸಿತು. ನಮ್ಮಲ್ಲಿ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾನೂನು ಬಂದಿತು. ಇಂದು ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಲಿಫ್ಟು, ಈಜುಕೊಳ, ಕಾವಲುಗಾರ ಎಲ್ಲವೂ ಉಂಟು. ಆದರೆ ನೀರಿನ ಟ್ಯಾಂಕರಿನ ಲೆಕ್ಕ ಕೇಳಲು ಸಂಘದ ಸಭೆಗೆ ಬರುವವರು ಎಷ್ಟು ಮಂದಿ? ಬಾಡಿಗೆಗಿರುವವನ ಮಾತಿಗೆ ಅಲ್ಲಿ ಬೆಲೆಯುಂಟೆ? ಗಾಮದೇವಿಯ ಗುಮಾಸ್ತರು ಹಣಕ್ಕಿಂತ ಮೊದಲು ಕೂಡಿಸಿದ್ದು ಪರಸ್ಪರ ವಿಶ್ವಾಸವನ್ನು. ಅವರ ಬೇಲಿಯನ್ನು ಬಿಟ್ಟು ಆ ವಿಶ್ವಾಸವನ್ನು ಉಳಿಸಿಕೊಂಡರೆ, ವಠಾರವಾಗಲಿ ಮಹಡಿಯಾಗಲಿ, ಬಾಳಲು ಯೋಗ್ಯವಾದೀತು.