ಚಾರ್ಲಿ ಸಿಫರ್ಡ್

ಚಾರ್ಲ್ಸ್ ಲೂಥರ್ ಸಿಫರ್ಡ್ (ಜೂನ್ ೨, ೧೯೨೨ – ಫೆಬ್ರವರಿ ೩, ೨೦೧೫) ಅಮೆರಿಕ ಸಂಯುಕ್ತ ಸಂಸ್ಥಾನದ ವೃತ್ತಿಪರ ಗಾಲ್ಫ್ ಆಟಗಾರರು. ಚಾರ್ಲಿ ಸಿಫರ್ಡ್ ಎಂಬ ಹೆಸರಿನಿಂದಲೇ ಪ್ರಸಿದ್ಧರಾದ ಇವರು ಪಿಜಿಎ ಟೂರ್‌ನಲ್ಲಿ ಆಡಲು ಅರ್ಹತೆ ಪಡೆದ ಮೊದಲ ಕಪ್ಪು ವರ್ಣೀಯ ಆಟಗಾರರು. ವರ್ಣಭೇದದ ನಿಯಮದಿಂದಾಗಿ ಆಟದ ಅತ್ಯುತ್ತಮ ವರ್ಷಗಳನ್ನು ಕಳೆದುಕೊಂಡರೂ, ನಲವತ್ತು ದಾಟಿದ ಮೇಲೆ ಪಿಜಿಎ ಟೂರ್‌ನ ಎರಡು ಪಂದ್ಯಾವಳಿಗಳನ್ನು ಗೆದ್ದರು. ೨೦೦೪ರಲ್ಲಿ ವಿಶ್ವ ಗಾಲ್ಫ್ ಕೀರ್ತಿಮಂದಿರಕ್ಕೆ ಸೇರ್ಪಡೆಯಾದ ಮೊದಲ ಕಪ್ಪು ವರ್ಣೀಯರೂ ಇವರೇ.

ಬಾಲ್ಯ ಮತ್ತು ಆರಂಭಿಕ ಜೀವನ

ಸಿಫರ್ಡ್ ಅವರು ಉತ್ತರ ಕೆರೊಲಿನಾ ರಾಜ್ಯದ ಷಾರ್ಲಟ್ ನಗರದಲ್ಲಿ ಜನಿಸಿದರು. ಹತ್ತನೆಯ ವಯಸ್ಸಿನಲ್ಲಿ ಅಲ್ಲಿನ ಬಿಳಿಯರ ಗಾಲ್ಫ್ ಕ್ಲಬ್ಬೊಂದರಲ್ಲಿ ಕ್ಯಾಡಿಯಾಗಿ, ಅಂದರೆ ಆಟಗಾರರ ಕೋಲುಗಳ ಚೀಲವನ್ನು ಹೊತ್ತು ನಡೆಯುವ ಹುಡುಗನಾಗಿ, ಕೆಲಸಕ್ಕೆ ಸೇರಿದರು. ದಿನಕ್ಕೆ ದೊರೆಯುತ್ತಿದ್ದ ಅರವತ್ತು ಸೆಂಟ್‌ಗಳಲ್ಲಿ ಐವತ್ತನ್ನು ತಾಯಿಗೆ ಕೊಟ್ಟು, ಉಳಿದ ಹತ್ತರಲ್ಲಿ ತಮಗೊಂದು ಚುಟ್ಟ ಕೊಳ್ಳುತ್ತಿದ್ದರು. ಬಾಯಲ್ಲಿ ಕಚ್ಚಿಕೊಂಡ ಚುಟ್ಟ ಮುಂದೆ ಜೀವನವಿಡೀ ಅವರ ಗುರುತಾಯಿತು. ಆಟವನ್ನು ನೋಡಿ ನೋಡಿಯೇ ಕಲಿತ ಬಾಲಕ ಹದಿಮೂರನೆಯ ವಯಸ್ಸಿಗೆ ಪಾರ್‌ನಲ್ಲಿ, ಎಂದರೆ ಮೈದಾನಕ್ಕೆ ನಿಗದಿಪಡಿಸಿದ ಸಂಖ್ಯೆಯ ಹೊಡೆತಗಳಲ್ಲಿ, ಆಟ ಮುಗಿಸುವಷ್ಟು ಪರಿಣತಿ ಪಡೆದಿದ್ದನು.

ಹದಿನೇಳನೆಯ ವಯಸ್ಸಿನಲ್ಲಿ ಸಿಫರ್ಡ್ ಫಿಲಡೆಲ್ಫಿಯಾ ನಗರಕ್ಕೆ ತೆರಳಿದರು. ಅಲ್ಲಿನ ಕಾಬ್ಸ್ ಕ್ರೀಕ್ ಎಂಬ ಸಾರ್ವಜನಿಕ ಮೈದಾನ ಕಪ್ಪು ವರ್ಣೀಯರಿಗೂ ತೆರೆದಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಯುದ್ಧಾನಂತರ ಕೆಲವು ಕಾಲ ಖ್ಯಾತ ಜಾಸ್ ಗಾಯಕ ಬಿಲ್ಲಿ ಎಕ್‌ಸ್ಟೈನ್ ಅವರಿಗೆ ಗಾಲ್ಫ್ ಶಿಕ್ಷಕರಾಗಿದ್ದರು.

ವರ್ಣಭೇದದ ನಿಯಮ

ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘವಾದ ಪಿಜಿಎ, ತನ್ನ ನಿಯಮಾವಳಿಯಲ್ಲಿ ಸದಸ್ಯತ್ವವನ್ನು ಬಿಳಿಯರಿಗೆ ಮಾತ್ರ ಮೀಸಲಿರಿಸಿತ್ತು. ಸದಸ್ಯತ್ವವಿಲ್ಲದವರಿಗೆ ದೊಡ್ಡ ಬಹುಮಾನದ ಪಂದ್ಯಾವಳಿಗಳಲ್ಲಿ ಅವಕಾಶ ದೊರೆಯುವುದು ದುರ್ಲಭವಾಗಿತ್ತು. ಹೀಗಾಗಿ ಕಪ್ಪು ವರ್ಣೀಯ ಆಟಗಾರರು ಯುನೈಟೆಡ್ ಗಾಲ್ಫ್ ಅಸೋಸಿಯೇಶನ್ ಎಂಬ ಪ್ರತ್ಯೇಕ ಸಂಸ್ಥೆಯ ಅಡಿಯಲ್ಲಿ ಅಲ್ಪ ಬಹುಮಾನಗಳಿಗಾಗಿ ಆಡುತ್ತಿದ್ದರು. ಈ ಸಂಸ್ಥೆಯ ಪ್ರಮುಖ ಪಂದ್ಯಾವಳಿಯಾದ ನ್ಯಾಷನಲ್ ನೀಗ್ರೋ ಓಪನ್ ಅನ್ನು ಸಿಫರ್ಡ್ ಆರು ಬಾರಿ ಗೆದ್ದರು. ಇವುಗಳಲ್ಲಿ ಐದು ಗೆಲುವುಗಳು ೧೯೫೨ರಿಂದ ೧೯೫೬ರವರೆಗೆ ಸತತವಾಗಿ ಬಂದವು.

೧೯೫೨ರ ಫೀನಿಕ್ಸ್ ಓಪನ್‌ನಲ್ಲಿ, ಮುಷ್ಟಿಯುದ್ಧದ ಮಾಜಿ ವಿಶ್ವ ಚಾಂಪಿಯನ್ ಜೋ ಲೂಯಿಸ್ ಅವರ ಜೊತೆಗೂಡಿ ಅರ್ಹತಾ ಸುತ್ತು ಆಡುವ ಅವಕಾಶ ಸಿಫರ್ಡ್ ಅವರಿಗೆ ದೊರೆಯಿತು. ಮೊದಲ ಗ್ರೀನ್ ತಲುಪಿದಾಗ, ಚೆಂಡು ಬೀಳಬೇಕಾದ ಕುಳಿಯಲ್ಲಿ ಯಾರೋ ಮಲ ತುಂಬಿಸಿಟ್ಟಿದ್ದುದು ಕಂಡುಬಂದಿತು. ಕುಳಿಯನ್ನು ಬದಲಾಯಿಸುವವರೆಗೆ ಆಟಗಾರರು ಕಾಯಬೇಕಾಯಿತು.

೧೯೫೭ರಲ್ಲಿ ಸಿಫರ್ಡ್ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಓಪನ್ ಗೆದ್ದರು. ಬಿಳಿಯ ಆಟಗಾರರೂ ಭಾಗವಹಿಸಿದ್ದ ಈ ಪಂದ್ಯಾವಳಿಯ ಗೆಲುವು, ಕೊರತೆಯಿದ್ದುದು ಸಾಮರ್ಥ್ಯದಲ್ಲಲ್ಲ, ಅವಕಾಶದಲ್ಲಿ ಎಂಬುದನ್ನು ಸ್ಪಷ್ಟಪಡಿಸಿತು. ಸಹ ಆಟಗಾರ ಬಿಲ್ ಸ್ಪಿಲ್ಲರ್ ಅವರು ಈ ನಿಯಮದ ವಿರುದ್ಧ ೧೯೪೮ರಿಂದಲೇ ಕಾನೂನಿನ ಹೋರಾಟ ಆರಂಭಿಸಿದ್ದರು. ಕ್ಯಾಲಿಫೋರ್ನಿಯಾ ರಾಜ್ಯದ ಅಟಾರ್ನಿ ಜನರಲ್ ಸ್ಟ್ಯಾನ್ಲಿ ಮಾಸ್ಕ್ ಅವರು ಪಿಜಿಎ ಮೇಲೆ ಒತ್ತಡ ತಂದರು. ಪರಿಣಾಮವಾಗಿ ಸಂಘವು ೧೯೬೧ರ ನವೆಂಬರಿನಲ್ಲಿ ಆ ನಿಯಮವನ್ನು ತೆಗೆದುಹಾಕಿತು. ಆಗ ಸಿಫರ್ಡ್ ಅವರಿಗೆ ೩೯ ವರ್ಷ ವಯಸ್ಸಾಗಿತ್ತು.

ವೃತ್ತಿಜೀವನ

ನಿಯಮ ಬದಲಾದರೂ ಮೈದಾನದ ವಾತಾವರಣ ಕೂಡಲೇ ಬದಲಾಗಲಿಲ್ಲ. ಅದಕ್ಕೆ ಕೆಲವೇ ತಿಂಗಳುಗಳ ಮೊದಲು, ೧೯೬೧ರಲ್ಲಿ, ತಮ್ಮ ಹುಟ್ಟೂರಿನ ರಾಜ್ಯದಲ್ಲೇ ನಡೆದ ಗ್ರೇಟರ್ ಗ್ರೀನ್ಸ್‌ಬರೊ ಓಪನ್‌ನಲ್ಲಿ ಆಡಿದಾಗ ಸಿಫರ್ಡ್ ಅವರಿಗೆ ದೂರವಾಣಿಯ ಮೂಲಕ ಕೊಲೆ ಬೆದರಿಕೆ ಬಂದಿತ್ತು. ಪ್ರೇಕ್ಷಕರ ಗುಂಪೊಂದು ನಿಂದಿಸುತ್ತ ಹಿಂಬಾಲಿಸಿತು. ಅವರು ಆಟವನ್ನು ಅರ್ಧಕ್ಕೆ ಬಿಡದೆ ನಾಲ್ಕನೆಯ ಸ್ಥಾನ ಗಳಿಸಿದರು. ಮುಂದಿನ ವರ್ಷಗಳಲ್ಲಿಯೂ ಅನೇಕ ಊರುಗಳಲ್ಲಿ ಕ್ಲಬ್ಬಿನ ಊಟದ ಕೋಣೆ, ವಸತಿಗೃಹಗಳ ಬಾಗಿಲು ಅವರಿಗೆ ಮುಚ್ಚಿರುತ್ತಿದ್ದವು.

೧೯೬೭ರ ಗ್ರೇಟರ್ ಹಾರ್ಟ್‌ಫರ್ಡ್ ಓಪನ್‌ನ ಕೊನೆಯ ಸುತ್ತನ್ನು ೬೪ ಹೊಡೆತಗಳಲ್ಲಿ ಮುಗಿಸಿದ ಸಿಫರ್ಡ್, ಒಂದು ಹೊಡೆತದ ಅಂತರದಿಂದ ಪ್ರಶಸ್ತಿ ಗೆದ್ದರು. ಆಗ ಅವರಿಗೆ ೪೫ ವರ್ಷ. ೧೯೬೯ರ ಲಾಸ್ ಏಂಜಲೀಸ್ ಓಪನ್‌ನಲ್ಲಿ ದಕ್ಷಿಣ ಆಫ್ರಿಕದ ಹೆರಾಲ್ಡ್ ಹೆನ್ನಿಂಗ್ ಅವರೊಂದಿಗೆ ಸಮಬಲ ಸಾಧಿಸಿ, ನಿರ್ಣಾಯಕ ಪ್ಲೇಆಫ್‌ನಲ್ಲಿ ಜಯಶಾಲಿಯಾದರು. ೧೯೭೫ರಲ್ಲಿ ಹಿರಿಯರ ಪಿಜಿಎ ಚಾಂಪಿಯನ್‌ಷಿಪ್ಪನ್ನೂ, ೧೯೮೦ರಲ್ಲಿ ಹಿರಿಯರ ಟೂರ್‌ನ ಸನ್‌ಟ್ರೀ ಕ್ಲಾಸಿಕ್ ಪಂದ್ಯಾವಳಿಯನ್ನೂ ಗೆದ್ದರು.

ಮಾಸ್ಟರ್ಸ್ ಪಂದ್ಯಾವಳಿ

ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್, ಆಹ್ವಾನಿತರಿಗೆ ಮಾತ್ರ ಪ್ರವೇಶವಿರುವ ಪಂದ್ಯಾವಳಿ. ಎರಡು ಪಿಜಿಎ ಟೂರ್ ಪ್ರಶಸ್ತಿಗಳನ್ನು ಗೆದ್ದಿದ್ದರೂ ಸಿಫರ್ಡ್ ಅವರಿಗೆ ಈ ಆಹ್ವಾನ ಎಂದೂ ಬರಲಿಲ್ಲ. ಟೂರ್ ಪಂದ್ಯಾವಳಿಯ ವಿಜೇತರಿಗೆ ತಾನಾಗಿ ಆಹ್ವಾನ ನೀಡುವ ಪದ್ಧತಿ ೧೯೭೨ರಲ್ಲಿ ಜಾರಿಗೆ ಬಂದಿತು. ಅವರ ಎರಡೂ ಗೆಲುವುಗಳು ಅದಕ್ಕಿಂತ ಹಿಂದಿನವು. ೧೯೭೫ರಲ್ಲಿ ಲೀ ಎಲ್ಡರ್ ಮಾಸ್ಟರ್ಸ್‌ನಲ್ಲಿ ಆಡಿದ ಮೊದಲ ಕಪ್ಪು ವರ್ಣೀಯರಾದರು. ೧೯೯೭ರಲ್ಲಿ ಟೈಗರ್ ವುಡ್ಸ್ ಅಲ್ಲಿ ಪ್ರಶಸ್ತಿ ಗೆದ್ದರು.

ಗೌರವಗಳು ಮತ್ತು ಪ್ರಭಾವ

ಸಿಫರ್ಡ್ ಅವರ ಆತ್ಮಕಥೆ ‘ಜಸ್ಟ್ ಲೆಟ್ ಮಿ ಪ್ಲೇ’ ೧೯೯೨ರಲ್ಲಿ ಪ್ರಕಟವಾಯಿತು. ‘ನನ್ನನ್ನು ಆಡಲು ಬಿಡಿ, ಅಷ್ಟೇ ಸಾಕು’ ಎಂಬುದು ಈ ಶೀರ್ಷಿಕೆಯ ಅರ್ಥ. ೨೦೦೬ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಷಾರ್ಲಟ್ ನಗರದ ಸಾರ್ವಜನಿಕ ಗಾಲ್ಫ್ ಮೈದಾನವೊಂದಕ್ಕೆ ಅವರ ಹೆಸರನ್ನಿಡಲಾಗಿದೆ. ೨೦೧೪ರ ನವೆಂಬರಿನಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರು, ಅಮೆರಿಕದ ಅತ್ಯುನ್ನತ ನಾಗರಿಕ ಗೌರವಗಳಲ್ಲೊಂದಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ಅವರಿಗೆ ಪ್ರದಾನ ಮಾಡಿದರು. ಗಾಲ್ಫ್ ಆಟಗಾರರ ಪೈಕಿ ಅದಕ್ಕೆ ಮೊದಲು ಈ ಪದಕ ಪಡೆದಿದ್ದವರು ಆರ್ನಾಲ್ಡ್ ಪಾಮರ್ ಮತ್ತು ಜ್ಯಾಕ್ ನಿಕ್ಲಾಸ್ ಇಬ್ಬರೇ.

ಟೈಗರ್ ವುಡ್ಸ್ ಅವರು ಸಿಫರ್ಡ್ ಅವರನ್ನು ತಮ್ಮ ಅಜ್ಜನ ಸ್ಥಾನದಲ್ಲಿ ಕಂಡವರು. ತಮ್ಮ ಮಗನಿಗೆ ಚಾರ್ಲಿ ಎಂಬ ಹೆಸರನ್ನಿಟ್ಟಿದ್ದು ಅವರ ಗೌರವಾರ್ಥವಾಗಿಯೇ. ಪದಕ ಸ್ವೀಕರಿಸಿದ ಕೆಲವೇ ತಿಂಗಳುಗಳಲ್ಲಿ, ೨೦೧೫ರ ಫೆಬ್ರವರಿ ೩ರಂದು, ಸಿಫರ್ಡ್ ತಮ್ಮ ೯೨ನೆಯ ವಯಸ್ಸಿನಲ್ಲಿ ನಿಧನರಾದರು.

ಪ್ರಮುಖ ಗೆಲುವುಗಳು

* ನ್ಯಾಷನಲ್ ನೀಗ್ರೋ ಓಪನ್ – ೧೯೫೨, ೧೯೫೩, ೧೯೫೪, ೧೯೫೫, ೧೯೫೬, ೧೯೬೦
* ಲಾಂಗ್ ಬೀಚ್ ಓಪನ್ – ೧೯೫೭
* ಗ್ರೇಟರ್ ಹಾರ್ಟ್‌ಫರ್ಡ್ ಓಪನ್ – ೧೯೬೭
* ಲಾಸ್ ಏಂಜಲೀಸ್ ಓಪನ್ – ೧೯೬೯
* ಹಿರಿಯರ ಪಿಜಿಎ ಚಾಂಪಿಯನ್‌ಷಿಪ್ – ೧೯೭೫
* ಸನ್‌ಟ್ರೀ ಕ್ಲಾಸಿಕ್ – ೧೯೮೦